ಬಚ್ಚಲಿನ ತಗಡು, ರಾಘಣ್ಣನ ಬಗ್ಗಿ
ನಮ್ಮ ಬಚ್ಚಲಿನ ತಗಡಿನ ಬಾಗಿಲು ಬಿಚ್ಚಿಕೊಂಡು ಹೋದ ರಾಘಣ್ಣನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನಮ್ಮ ಆದೋನಿ ಊರಿಗೆ ಕಡಲಿಲ್ಲ, ಆದರೂ ಪಕ್ಕದ ಮನೆಯ ಈ ಗುಮಾಸ್ತ, ಕಡಲದಂಡೆಯಲ್ಲಿ ಓಡಿಸುವ ಮುರುಕು ಬೀಚ್ ಬಗ್ಗಿಯೊಂದನ್ನು ಅಂಗಳದಲ್ಲಿಟ್ಟುಕೊಂಡು ರಿಪೇರಿ ಮಾಡುತ್ತಿದ್ದ. ಸಂಧ್ಯಾವಂದನೆ ಮುಗಿಸಿ ಅದರಡಿ ನುಸುಳಿದರೆ ಎರಡು ಕಾಲಷ್ಟೇ ಕಾಣುತ್ತಿದ್ದವು. "ಇಂಜಿನಿಗೆ ನೀರು ಎಲ್ಲಿ ಹಾಕ್ತೀಯೋ?" ಎಂದವರಿಗೆಲ್ಲ, "ಗಾಳಿಗೇ ತಣ್ಣಗಾಗ್ತದರಿ, ನಳ ಬರದ ನಮ್ಮೂರಿಗೆ ಇದೇ ಸರಿ. ಅಮ್ಮಗ ಇದರಾಗ ಹೊಳಿ ತೋರಸ್ತೀನಿ" ಎನ್ನುತ್ತಿದ್ದ. ನಾನು ತಗಡು ಕೇಳಿದರೆ, "ನಾಳೆ ಕೊಡ್ತೀನಿ, ಉಚ್ಚೀರಪ್ಪಣ್ಣಾ." ಒಂದು ದಿನ ಜಗಳಕ್ಕೆಂದೇ ಹೋದೆ. ಬಾಗಿಲೇ ಇಲ್ಲದ ಆ ಗಾಡಿಯ ಒಂದು ಪಕ್ಕವನ್ನು ಕೊಯ್ದು, ನನ್ನ ತಗಡಿನಿಂದ ಬಾಗಿಲು ಮಾಡಿದ್ದ. ಕಾಲೆತ್ತಲಾರದ ಅವನ ತಾಯಿ ಅಂಬೂಬಾಯಿ ಒಳಗೆ ಕೂತಿದ್ದರು. "ನಾಗಲದಿನ್ನಿ ಹೊಳಿಗೆ ಹೊಂಟೀವಿ, ಬರ್ತೀಯೇನಪ್ಪಾ?" ಎಂದರು. ಬೈಯಲು ಹೋದವನು ಹಿಂದೆ ಹತ್ತಿ ಕೂತೆ. ನಮ್ಮ ಬಚ್ಚಲಿಗೆ ಈಗಲೂ ಗೋಣಿಚೀಲವೇ ಬಾಗಿಲು.