ಪರದೆಯ ಮೂಲೆಯ ಚೌಕ

ಸಹಕಾರನಗರದ ನಮ್ಮ ಮನೆಯಲ್ಲಿ ಒಂದು ಕಪ್ಪು ಪೆಟ್ಟಿಗೆಯಿದೆ. ಅಡುಗೆಮನೆಯ ಬೇಳೆ ಡಬ್ಬಕ್ಕಿಂತ ತುಸು ದೊಡ್ಡದು. ಮುಂಭಾಗದಲ್ಲಿ ಸಾಸಿವೆ ಕಾಳಿನಷ್ಟು ನೀಲಿ ದೀಪ, ಬೆನ್ನ ತುಂಬ ತಂತಿಗಳು. ಇದು ಕಂಪ್ಯೂಟರೇ ಹೌದು, ಆದರೆ ಇದರಲ್ಲಿ ಯಾರೂ ಒಂದು ಕಾಗದ ಬರೆಯುವುದಿಲ್ಲ, ಒಂದು ಪಾಠ ಓದುವುದಿಲ್ಲ. ಸಿನಿಮಾ ಮತ್ತು ಟೀವಿ ತೋರಿಸುವುದಷ್ಟೇ ಇದರ ಕಸುಬು. ಬಲ್ಲವರು ಇದನ್ನು ಹೋಮ್ ಥಿಯೇಟರ್ ಪೀಸಿ ಎನ್ನುತ್ತಾರೆ. ಆ ಬಲ್ಲವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮೊದಲೇ ನಾಚಿಕೆಯಿಂದ ಒಪ್ಪಿಕೊಂಡುಬಿಡುತ್ತೇನೆ, ಗೆಳೆಯರೇ. ಮುಂದೆ ನಾನು ಬೈಯುವಾಗ ಬೈಗುಳದ ದೊಡ್ಡ ಪಾಲು ಯಾರಿಗೆಂದು ನಿಮಗೆ ಗೊತ್ತಿರಲಿ.

ಈ ಕಾಯಿಲೆಯನ್ನು ನನಗೆ ಅಂಟಿಸಿದವನು ಗಂಗಾನಗರದ ಗೆಳೆಯ ರಮಾಕಾಂತ. ಮೂವತ್ತು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿ ನಾನು ನಿವೃತ್ತನಾದ ತಿಂಗಳಲ್ಲೇ ಅವನು ನನ್ನನ್ನು ತನ್ನ ಮನೆಯ ಕತ್ತಲ ಕೋಣೆಗೆ ಕರೆದೊಯ್ದು, ಗೋಡೆಯಗಲದ ಪರದೆಯ ಮೇಲೆ ಒಂದು ಜಲಪಾತವನ್ನು ತೋರಿಸಿದ. ಕತೆಯಿಲ್ಲ, ಮಾತಿಲ್ಲ, ಬರೀ ನೀರು. “ಒಂದೊಂದು ಹನೀನೂ ಬೇರೆ ಬೇರೆ ಕಾಣ್ತಿದೆ ನೋಡು ಗುರು!” ಎಂದ. ಕಾಣುತ್ತಿತ್ತು. ಬೆಳಗ್ಗೆ ಬಸ್ಸು ಹತ್ತಿದ್ದರೆ ಮಧ್ಯಾಹ್ನಕ್ಕೆ ನಿಜವಾದ ಜಲಪಾತವನ್ನೇ ನೋಡಬಹುದಾಗಿದ್ದ ನಾವಿಬ್ಬರು ನರೆಗೂದಲಿನವರು ಅಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಮಾರನೆಯ ದಿನದಿಂದಲೇ ನಾನು ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಬಿಡಿಭಾಗಗಳನ್ನು ಹುಡುಕುತ್ತ ಅಲೆಯತೊಡಗಿದೆ. ಪೆಟ್ಟಿಗೆಯೊಳಗಿನ ಫ್ಯಾನು ಉಸಿರಾಡಿದ್ದೂ ಕೇಳಿಸಬಾರದೆಂದು ಮೂರು ಸಲ ಫ್ಯಾನು ಬದಲಾಯಿಸಿದೆ. ನನ್ನ ಹೆಂಡತಿ ಸರೋಜ ಅಡುಗೆಮನೆಯ ಹೊಗೆ ಹೊರಹಾಕುವ ಫ್ಯಾನು ಕೆಟ್ಟಿದೆಯೆಂದು ಆರು ತಿಂಗಳಿಂದ ಹೇಳುತ್ತಲೇ ಇದ್ದಳು. ಅದು ಮಾತ್ರ ಹಾಗೇ ಉಳಿಯಿತು.

ಈ ಕುಲದವರ ಒಂದು ಗುಟ್ಟನ್ನು ನಿಮಗೆ ಹೇಳಲೇಬೇಕು. ಇವರು ಸಿನಿಮಾ ನೋಡುವುದಿಲ್ಲ. ಇವರು ನೋಡುವುದು ಕಪ್ಪು ಬಣ್ಣ ಸಾಕಷ್ಟು ಕಪ್ಪಾಗಿದೆಯೇ, ನಾಯಕನ ಗಡ್ಡದ ಕೂದಲು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿದೆಯೇ, ಹಿಂದಿನ ಸ್ಪೀಕರಿನಲ್ಲಿ ಮಳೆ ಸರಿಯಾದ ಕಿವಿಗೇ ಬೀಳುತ್ತಿದೆಯೇ ಎಂಬುದನ್ನು. ತೆರೆಯ ಮೇಲೆ ಒಬ್ಬ ತಾಯಿ ಮಗನ ತೊಡೆಯ ಮೇಲೆ ಪ್ರಾಣ ಬಿಡುತ್ತಿದ್ದರೆ ರಮಾಕಾಂತ ಚಿತ್ರವನ್ನು ತಡೆದು ನಿಲ್ಲಿಸಿ, ಆಕೆಯ ಸೀರೆಯ ನೇಯ್ಗೆಯನ್ನು ಬೆರಳಿಟ್ಟು ತೋರಿಸುತ್ತಾನೆ. ಆ ತಾಯಿ ಸಾಯಲೂ ಆಗದೆ ಬದುಕಲೂ ಆಗದೆ ಹತ್ತು ನಿಮಿಷ ಹಾಗೇ ಕಣ್ಣರಳಿಸಿಕೊಂಡು ಕಾಯಬೇಕು. ಇನ್ನು ಚಿತ್ರಗಳ ಸಂಗ್ರಹವೋ, ಅದೊಂದು ಬೇರೆಯೇ ಭಂಡಾರ. ಪ್ರತಿಯೊಂದಕ್ಕೂ ಅದರ ಪೋಸ್ಟರನ್ನು ಹುಡುಕಿ ಅಂಟಿಸಿ ಸಾಲಾಗಿ ನಿಲ್ಲಿಸುವುದರಲ್ಲಿ ನನ್ನದೊಂದು ಇಡೀ ಚಳಿಗಾಲ ಕಳೆಯಿತು. ಆ ಚಳಿಗಾಲದಲ್ಲಿ ನಾನು ಪೂರ್ತಿಯಾಗಿ ನೋಡಿದ ಸಿನಿಮಾ ಯಾವುದೆಂದು ನೀವು ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ.

ಇಂಥ ವೈಭವಕ್ಕೆ ಒಂದು ಕೋಣೆ ಬೇಕಲ್ಲ. ಕೆಳಗಡೆ, ಗೇಟಿನ ಕಡೆಗೆ ಕಿಟಕಿಯಿದ್ದ ಒಂದು ಕೋಣೆ ವರ್ಷದ ಹೆಚ್ಚು ದಿನ ಸುಮ್ಮನೆ ಬಿದ್ದಿರುತ್ತಿತ್ತು. ಅದು ಅಕ್ಕನ ಕೋಣೆ. ಕೊಡಿಗೇಹಳ್ಳಿಯ ನಮ್ಮ ರಾಗಿ ಹೊಲ ಬಡಾವಣೆಯಾಗಿ ಈ ಮನೆ ಎದ್ದಾಗ, “ಹೆಣ್ಮಗ್ಳು ಬಂದ್ರೆ ಬಾಗ್ಲಾಕ್ಕೊಂಡು ನೆಮ್ಮದಿಯಾಗಿ ಮಲಗಕ್ಕೆ ಒಂದು ಕೋಣೆ ಇರ್ಲಿ” ಎಂದು ಅಪ್ಪ ಹೇಳಿ ಕಟ್ಟಿಸಿದ್ದು. ಅಕ್ಕ ಲಕ್ಷ್ಮಕ್ಕನನ್ನು ಕೊಟ್ಟಿರುವುದು ಸೋಲದೇವನಹಳ್ಳಿಗೆ. ಪ್ರತಿವರ್ಷ ಗೌರಿಹಬ್ಬಕ್ಕೆ ಬಂದು, ಆ ಕೋಣೆಯಲ್ಲಿ ಎರಡು ದಿನ ಇದ್ದು, ತವರಿನ ಬಾಗಿನ ತೆಗೆದುಕೊಂಡು ಹೋಗುತ್ತಿದ್ದಳು. ವರ್ಷಕ್ಕೆ ಎರಡು ದಿನದ ಮಂಚಕ್ಕಾಗಿ ಇಷ್ಟು ಜಾಗ ವ್ಯರ್ಥವೇ ಎಂದು ನನ್ನ ವೈಜ್ಞಾನಿಕ ಬುದ್ಧಿ ವಾದಿಸಿತು. ಮಂಚ ತೆಗೆಸಿದೆ, ಬಾಗಿಲಿಗೂ ಒಳಗೋಡೆಗೂ ಸದ್ದು ನುಂಗುವ ಕಪ್ಪು ಮೆತ್ತೆ ಹೊಡೆಸಿದೆ, ಕಿಟಕಿಗೆ ಕರಿಬಟ್ಟೆ ಬಿಗಿದೆ. ಆ ವರ್ಷ ಹಬ್ಬಕ್ಕೆ ಬಂದ ಅಕ್ಕ ಚೀಲ ಹಿಡಿದುಕೊಂಡೇ ಬಾಗಿಲು ತಳ್ಳಿ, ಮಂಚವಿದ್ದ ಕಡೆ ನೋಡಿ, “ನಾನೆಲ್ಲಿ ಮನಗ್ಲೋ ನಾಗೂ?” ಎಂದಳು. “ಹಾಲ್‌ನಲ್ಲಿ ಸೋಫಾ ಬಿಚ್ಚಿದ್ರೆ ಮಂಚ ಆಗುತ್ತೆ ಅಕ್ಕಾ” ಎಂದು ನಾನು ಉತ್ಸಾಹದಿಂದ ಅದನ್ನು ಬಿಚ್ಚಿಯೂ ತೋರಿಸಿದೆ. ಅಕ್ಕ ಬಾಗಿನ ತೆಗೆದುಕೊಂಡು ಸಂಜೆಯ ಬಸ್ಸಿಗೇ ಹೊರಟುಹೋದಳು. ಮುಂದಿನ ಎರಡು ಗೌರಿಹಬ್ಬಗಳಿಗೆ ಅವಳು ಬರಲಿಲ್ಲ. ನಾನೂ ಹೋಗಿ ಕರೆಯದೆ ಬಾಗಿನವನ್ನು ಬಾಡಿಗೆ ಕಾರಿನ ಚಾಲಕನ ಕೈಯಲ್ಲಿ ಕಳಿಸಿದೆ, ಕಳಿಸಿದೆನಲ್ಲ ಎಂದು ಬೆನ್ನು ಬೇರೆ ತಟ್ಟಿಕೊಂಡೆ.

ಇತ್ತ ನನ್ನ ಥಿಯೇಟರು ದಿನದಿನಕ್ಕೆ ಗರ್ಭಗುಡಿಯಾಗುತ್ತಿತ್ತು, ಅದಕ್ಕೆ ತಕ್ಕ ಮಡಿಯೂ ಬಂತು. ಒಳಗೆ ತಿನ್ನಬಾರದು. ಮೊಬೈಲುಗಳನ್ನು ಸದ್ದಡಗಿಸಿ ಬಾಗಿಲ ಹೊರಗಿನ ಬಿದಿರುಬುಟ್ಟಿಯಲ್ಲಿ ಹಾಕಿಯೇ ಬರಬೇಕು. ಸಿನಿಮಾ ನಡೆಯುವಾಗ ಕುಕ್ಕರ್ ಕೂಗಬಾರದು. ಇಷ್ಟಾದರೂ ಒಂದು ಅಪಚಾರ ಉಳಿದಿತ್ತು: ಯಾರಾದರೂ ಕಾಲಿಂಗ್ ಬೆಲ್ ಒತ್ತಿದರೆ ನನ್ನ ಸ್ಪೀಕರಿನಲ್ಲಿ ‘ಟಪ್’ ಎಂದು ಒಂದು ಸದ್ದು ಬರುತ್ತಿತ್ತು. ವಾರವಿಡೀ ತಂತಿಗಳ ಜೊತೆ ಗುದ್ದಾಡಿ ಸೋತು, ಕೊನೆಗೆ ಬೆಲ್ಲಿನ ತಂತಿಯನ್ನೇ ಕತ್ತರಿಸಿ ಹಾಕಿದೆ. ಬದಲಿಗೆ ಗೇಟಿನ ಕಂಬಕ್ಕೊಂದು ಕ್ಯಾಮೆರಾ ಹಾಕಿಸಿ ಅದನ್ನು ಪೆಟ್ಟಿಗೆಗೆ ಜೋಡಿಸಿದೆ. ಇನ್ನು ಗೇಟಿನ ಮುಂದೆ ಯಾರೇ ನಿಂತರೂ ನನ್ನ ಪರದೆಯ ಬಲಮೂಲೆಯಲ್ಲಿ ಒಂದು ಪುಟ್ಟ ಚೌಕ ಮೂಡಿ ಅವರ ಮುಖ ಕಾಣುತ್ತಿತ್ತು. ಈ ಸಾಧನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ, ‘ಯಾರೇ ಬಂದರೂ ಬೆಲ್ ಒತ್ತುವ ಮೊದಲೇ ನಿಮ್ಮ ಮುಖ ನನಗೆ ಕಂಡಿರುತ್ತದೆ’ ಎಂದು ಬರೆದೆ. ಹೊಗಳಿಕೆಗಳು ಬಂದವು. ಅಕ್ಕ ನೋಡಿದ್ದಳೆಂದು ತಿಳಿಯಿತು, ಆದರೆ ಏನೂ ಬರೆಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ರಮಾಕಾಂತ ತನ್ನಂಥವೇ ಮೂರು ಜೀವಗಳನ್ನು ಕರೆದುಕೊಂಡು ನನ್ನ ವ್ಯವಸ್ಥೆಯನ್ನು ಪರೀಕ್ಷಿಸಲು ಬಂದ. ಸರೋಜ ಯಶವಂತಪುರದ ತಂಗಿಯ ಮನೆಗೆ ಹೋಗಿದ್ದಳು. ಹಾಕಿದ್ದು ಒಂದು ನಗೆಚಿತ್ರ. ಹತ್ತು ನಿಮಿಷಕ್ಕೊಮ್ಮೆ ತರಕಾರಿ ಗಾಡಿಯವನೋ ಪಾರ್ಸಲ್‌ನವನೋ ಆ ಚೌಕದಲ್ಲಿ ಮುಖ ತೋರಿಸುತ್ತಿದ್ದ. “ಏನ್ ಗುರು ಇದು, ಇಷ್ಟೊಳ್ಳೆ ಪಿಕ್ಚರ್‌ಗೆ ಮೂಲೆಲಿ ಸೊಳ್ಳೆ ಕೂತಂಗಿದೆ” ಎಂದು ರಮಾಕಾಂತ ಮೂಗು ಮುರಿದ. ನನಗೆ ಮಾನ ಹೋದಂತಾಯಿತು. ತಕ್ಷಣ ಚೌಕವನ್ನು ಆರಿಸಿದೆ. ಆಮೇಲೆ ನಾವೈವರು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವರು ಚಿತ್ರ ತಡೆಯದೆ ಪೂರ್ತಿ ನೋಡಿದ್ದು ಅದೊಂದೇ ಸಲ.

ಅವರೆಲ್ಲ ಹರಟುತ್ತ, ಗೇಟಿನಲ್ಲಿ ಏನನ್ನೂ ಗಮನಿಸದೆ ಹೋದ ಮೇಲೆ ಸರೋಜ ಬಂದಳು. ಅವಳ ಕೈಯಲ್ಲಿ ಒಂದು ಲಗ್ನಪತ್ರಿಕೆಯಿತ್ತು. “ರೀ, ಗೇಟಿಗೆ ಸಿಕ್ಕಿಸಿತ್ತು. ಕಂಬಕ್ಕೆ ಅರಿಶಿನ ಕುಂಕುಮ ಇಟ್ಟಿದ್ದಾರೆ. ಅಕ್ಕ ಬಂದಿದ್ರಾ?” ಎಂದಳು. ಅಕ್ಕನ ಒಬ್ಬಳೇ ಮಗಳು ಪವಿತ್ರಳ ಮದುವೆ. ಪತ್ರಿಕೆಯ ಕೆಳಗೆ ಸೋದರಮಾವ ಎಂದು ನನ್ನ ಹೆಸರಿತ್ತು. ನಮ್ಮಲ್ಲಿ ಧಾರೆಯ ಹೊತ್ತಿಗೆ ಹುಡುಗಿಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ; ಅದಕ್ಕೆ ಅವನನ್ನು ಮನೆಬಾಗಿಲಿಗೆ ಬಂದು, ಎದುರಿಗೆ ನಿಂತು ಕರೆಯಬೇಕು. ಎರಡು ವರ್ಷದ ಸಿಟ್ಟನ್ನು ನುಂಗಿಕೊಂಡು ಅದಕ್ಕಾಗಿಯೇ ಅಕ್ಕ ಬಂದಿದ್ದಳು. ಬುಟ್ಟಿಯಲ್ಲಿದ್ದ ನನ್ನ ಮೊಬೈಲಿನಲ್ಲಿ ಅವಳ ಎರಡು ಕರೆಗಳಿದ್ದವು. ತಿರುಗಿ ಫೋನು ಮಾಡಿದೆ, ಎತ್ತಲಿಲ್ಲ.

ಚೌಕ ಆರಿದ್ದರೂ ಕ್ಯಾಮೆರಾ ತನ್ನ ಪಾಡಿಗೆ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಒಬ್ಬನೇ ಹೋಗಿ ಪರದೆಯ ಮುಂದೆ ಕೂತು ಅದನ್ನು ಹಾಕಿದೆ. ಗೋಡೆಯಗಲಕ್ಕೆ ನನ್ನ ಅಕ್ಕ. ನನ್ನ ವ್ಯವಸ್ಥೆಯ ಗುಣ ದೊಡ್ಡದು ನೋಡಿ: ಬೈತಲೆಯ ಪಕ್ಕದ ನರೆ ಎಳೆಎಳೆಯಾಗಿ ಕಾಣುತ್ತಿತ್ತು, ಉಟ್ಟಿದ್ದು ನಾನು ಬಾಗಿನದ ಜೊತೆ ಕಳಿಸಿದ್ದ ಹಸಿರು ಸೀರೆ ಎಂಬುದೂ ಕಾಣುತ್ತಿತ್ತು. ಒಳಗಿನಿಂದ ಅಗುಳಿ ಹಾಕಿದ್ದ ಗೇಟಿನ ಮುಂದೆ ನಿಂತು ಬೆಲ್ ಒತ್ತಿದಳು, ಕಾದಳು. ಗೇಟಿನೊಳಗೆ ಸಾಲಾಗಿ ಬಿದ್ದಿದ್ದ ಚಪ್ಪಲಿಗಳ ಕಡೆ ನೋಡಿದಳು. ಆಮೇಲೆ ತಲೆಯೆತ್ತಿ ನೇರವಾಗಿ ನನ್ನನ್ನೇ ನೋಡಿ ನಕ್ಕಳು. ಸೆರಗು ಸರಿಮಾಡಿಕೊಂಡು, ಪತ್ರಿಕೆಯನ್ನು ಎತ್ತಿ ಕ್ಯಾಮೆರಾಕ್ಕೆ ಹಿಡಿದು ಏನೋ ಹೇಳಿದಳು. ಸದ್ದಿಲ್ಲ, ನನ್ನ ಎಂಟು ಸ್ಪೀಕರುಗಳಲ್ಲಿ ಒಂದಾದರೂ ಅಕ್ಕ ಏನಂದಳೆಂದು ಹೇಳಲಿಲ್ಲ. ತುಟಿ ನೋಡಿದರೆ ನನ್ನ ಹೆಸರು. ಅಷ್ಟರಲ್ಲಿ ಅವಳು ತಟ್ಟನೆ ಕೋಣೆಯ ಕಿಟಕಿಯ ಕಡೆ ತಿರುಗಿದಳು. ಬಾಗಿಲಿಗೆ ಮೆತ್ತೆ ಹೊಡೆಸಿದ್ದ ಮಹಾನುಭಾವ ಕಿಟಕಿಗೆ ಬರೀ ಬಟ್ಟೆ ಕಟ್ಟಿದ್ದೆನಲ್ಲ, ನಮ್ಮ ಐವರ ನಗು ಅವಳಿಗೆ ಕೇಳಿಸಿರಬೇಕು. ಅವಳ ಮುಖದ ನಗು ಹೋಯಿತು. ಪತ್ರಿಕೆಯನ್ನು ಸರಳಿಗೆ ಸಿಕ್ಕಿಸಿ, ಕಂಬಕ್ಕೆ ಕುಂಕುಮವಿಟ್ಟು ಹೊರಟುಹೋದಳು. ಆ ಕೋಣೆಯಲ್ಲಿ ನಾನು ಅತ್ತದ್ದು ಅದೇ ಮೊದಲು.

ಮಾರನೆಯ ಬೆಳಗ್ಗೆಯೇ ಸರೋಜಳನ್ನು ಕರೆದುಕೊಂಡು ಸೋಲದೇವನಹಳ್ಳಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಅಕ್ಷತೆಗೆ ಮುರುಕಿಲ್ಲದ ಅಕ್ಕಿ ಆರಿಸುತ್ತಿದ್ದಳು. ನೀರು ಕೊಟ್ಟಳು, ಕಾಫಿ ಕೊಟ್ಟಳು, ಸರೋಜಳಿಗೆ ಕುಂಕುಮ ಕೊಟ್ಟಳು. ನಾನು ಬೆಲ್ಲಿನ ಕತೆ ಶುರುಮಾಡಿದೆ.

“ಬೆಲ್ ಬುಡು” ಎಂದಳು ಅಕ್ಕ, ಅಕ್ಕಿಯಿಂದ ಕಣ್ಣು ತೆಗೆಯದೆ. “ಬಂದೋರ ಮುಖ ಕಾಣ್ತದೆ ಅಂತ ಗ್ರೂಪ್‌ಗೆ ಆಕಿದ್ದು ನೀನೇ ತಾನೆ? ಅದರ ಮುಂದೇನೇ ನಿಂತ್ಕಂಡಿದ್ದೆ ಕಣೋ. ಪತ್ರಿಕೆ ಎತ್ತಿ ತೋರ್ಸಿದೆ. ಒಳಗೆ ನಗ್ತಿದ್ರಿ.”

“ನಿನ್ನ ನೋಡಿ ನಕ್ಕಿದ್ದಲ್ಲ ಅಕ್ಕಾ. ಸಿನಿಮಾ ನೋಡಿ ನಗ್ತಿದ್ವಿ. ಆ ಚೌಕ ಆರಿಸ್ಬಿಟ್ಟಿದ್ದೆ. ಸಿನಿಮಾಕ್ಕೆ ಅಡ್ಡ ಬರುತ್ತೆ ಅಂತ...”

ನನ್ನ ಮಾತು ನನಗೇ ಕೇಳಿಸಿ ಅಲ್ಲೇ ನಿಲ್ಲಿಸಿದೆ. ನಿಜ ಹೇಳುವುದಕ್ಕೆ ಹೋದರೆ ಅದು ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸುತ್ತಿತ್ತು.

ಅಕ್ಕ ಮೊರವನ್ನು ಒಮ್ಮೆ ಕೊಡವಿದಳು. “ಓಗ್ಲಿ ಬುಡು. ನೆನ್ನೇನೇ ಅಲ್ಲಿಂದ ಸೀದಾ ದೊಡ್ಡಪ್ಪನ ಮಗ ಶಿವಣ್ಣನ ಮನೇಗೆ ಓದೆ. ಇಂಗಿಂಗೆ, ನೀನೇ ನಿಂತು ಮಗೂನ ಧಾರೆಗೆ ಕರ್ಕಂಡು ಬರ್ಬೇಕು ಅಂದೆ. ಪಾಪ, ಊಟಕ್ಕೆ ಕೂತಿದ್ದೋನು ಎದ್ದು ಬಂದು ಒಪ್ಕಂಡ. ಈಗ ಅವ್ನಿಗೆ ಬ್ಯಾಡ ಅನ್ನಕ್ಕಾಗಲ್ಲ.” ಆರಿಸಿದ ಅಕ್ಕಿಯನ್ನು ಒಂದು ಬದಿಗೆ ಸರಿಸಿ, “ನೀನೂ ಬಾ. ಊಟ ಮಾಡ್ಕಂಡು ಓಗು” ಎಂದಳು. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ದಾರಿಯ ಪರಿಚಯದವರನ್ನು ಕರೆಯುವಂತೆ ಅವಳು ನನ್ನನ್ನು ಊಟಕ್ಕೆ ಕರೆದಳು.

ಮದುವೆ ಯಲಹಂಕದ ಒಂದು ಕಲ್ಯಾಣಮಂಟಪದಲ್ಲಿ. ಈಗಿನ ಮದುವೆಗಳು ನಿಮಗೆ ಗೊತ್ತೇ ಇವೆ: ಫೋಟೋದವರ ಬೆನ್ನುಗಳೇ ವೇದಿಕೆಯನ್ನು ಮುಚ್ಚಿರುತ್ತವೆ, ಅದಕ್ಕೆಂದೇ ಸಭಾಂಗಣದ ಎರಡೂ ಬದಿ ಆಳೆತ್ತರದ ಪರದೆಗಳನ್ನು ನಿಲ್ಲಿಸಿ ಮೇಲೆ ನಡೆಯುವುದನ್ನೆಲ್ಲ ತೋರಿಸುತ್ತಾರೆ. ಸರೋಜ ಹೆಂಗಸರ ಜೊತೆ ವೇದಿಕೆಯ ಹತ್ತಿರ ಹೋದಳು. ನನ್ನನ್ನು ಯಾರೂ ತಡೆದಿರಲಿಲ್ಲ, ಆದರೆ ಮೇಲೆ ಹೋಗಿ ನಿಲ್ಲಲು ನನಗೆ ಮುಖವಿರಲಿಲ್ಲ. ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ವಾಲಗದ ಸದ್ದು ಏರಿತು. ಪರದೆಯ ಮೇಲೆ ಪವಿತ್ರ ಬಂದಳು. ಅವಳ ಕೈಹಿಡಿದು, ಹೆಗಲ ಮೇಲೆ ಜರಿಶಲ್ಯ ಹೊದ್ದು, ಹೆಜ್ಜೆಹೆಜ್ಜೆಗೂ ಅವಳ ಸೀರೆಯ ನಿರಿಗೆ ನೋಡಿಕೊಂಡು ಶಿವಣ್ಣ ನಡೆದು ಬರುತ್ತಿದ್ದ. ಹಿಂದೆ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿತ್ರ ಬಹಳ ಸ್ಪಷ್ಟವಾಗಿತ್ತು.

ಪಕ್ಕದ ಕುರ್ಚಿಯಲ್ಲಿ ಹುಡುಗನ ಕಡೆಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಪರದೆಯನ್ನೇ ನೋಡುತ್ತಿದ್ದರು. ನನ್ನ ಕಡೆ ಬಾಗಿ, “ಹುಡುಗೀನ ಕರ್ಕೊಂಡು ಬರ್ತಾ ಇರೋರು ಸೋದರಮಾವ ಅಲ್ವಾ ಸಾರ್?” ಎಂದು ಕೇಳಿದರು.

“ಹೌದು ಸಾರ್, ಅವರೇ” ಎಂದೆ.