ಬಾಜೂಕ ಯಾರೂ ಇರಬಾರದು

ಗೆಳೆಯರೇ, ಇವತ್ತು ಮೊರಬ ಹಳ್ಳಿಯಲ್ಲಿ ನಾಲ್ವರು ಹೆಂಗಸರು ಕೂತಿದ್ದ ಕಟ್ಟೆಯಿಂದ ಮೂವರನ್ನು ಎಬ್ಬಿಸಿ ಕಳಿಸಿದೆ. ವಯಸ್ಸಾದವರ ಒಂಟಿತನದ ಬಗ್ಗೆ ನಾನು ಮಾಡಲಿರುವ ಅಧ್ಯಯನದ ಪ್ರಶ್ನಾವಳಿಯನ್ನು ಪರೀಕ್ಷಿಸಬೇಕಿತ್ತು. ಸಂದರ್ಶನದ ಹೊತ್ತಿಗೆ ಉತ್ತರಿಸುವವರ ಬಾಜೂಕ ಯಾರೂ ಇರಬಾರದೆಂಬುದು ನಾನೇ ಬರೆದ ನಿಯಮ.

ಎಲ್ಲರೂ ಹೆಸರುಕಾಳು ಹಸನು ಮಾಡುತ್ತಿದ್ದರು. ಹಿರಿಯಳಾದ ನೀಲವ್ವ ಒಬ್ಬಳೇ ಸಾಕು ಎಂದೆ. "ಏಳ್ರಬೇ, ಸರ ಕನ್ಯಾ ನೋಡಾಕ ಬಂದಾರ," ಎಂದು ಒಬ್ಬಾಕೆ ಮೊರ ಎತ್ತಿಕೊಂಡು ನಡೆದಳು. ಮಿಕ್ಕ ಇಬ್ಬರೂ ನಗುತ್ತ ಹೋದರು.

ನಾನು ಮೊದಲ ಪ್ರಶ್ನೆ ಓದಿದೆ: "ಮಾತಾಡಬೇಕು ಅನ್ನಿಸಿದಾಗ ನಿಮ್ಮ ಹತ್ತಿರ ಯಾರಾದರೂ ಇರುತ್ತಾರೆಯೇ?"

ನೀಲವ್ವ ಖಾಲಿ ಕಟ್ಟೆಯನ್ನು ನೋಡಿದಳು. "ಇದ್ರಲ್ರಿ. ಈಗ ನೀವ ಎಬ್ಬಿಸಿ ಕಳಿಸಿದ್ರಿ." ಆಮೇಲೆ ಕೇಳಿದಳು: "ನಿಮಗ ಯಾರದಾರ್ರಿ?"

"ಆ ಪ್ರಶ್ನೆ ಇದರಾಗ ಇಲ್ರಿ," ಎಂದೆ.

ಅವಳು ಮೂವರನ್ನೂ ವಾಪಸ್ ಕರೆದಳು. ಉಳಿದ ಪ್ರಶ್ನೆಗಳಿಗೆ ನಾಲ್ವರೂ ಕೂಡಿಯೇ ಉತ್ತರಿಸಿದರು. ಯಾವ ಉತ್ತರ ಯಾರದೆಂದು ಬೇರ್ಪಡಿಸಲು ಆಗಲಿಲ್ಲ.

ಸಂಜೆ ನವಲಗುಂದದ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೆ. ಒಬ್ಬರಿಗೆ ಒಂದು ಸಾಲು ಎಂಬ ಲೆಕ್ಕದ ಹಾಳೆಯಲ್ಲಿ ಮೊರಬದ ಉತ್ತರಗಳು ಕೂರಲಿಲ್ಲ. ವಿಶ್ಲೇಷಣೆಯ ಸೂತ್ರ ಸರಿಯಿದೆಯೇ ಎಂದು ನೋಡಲು ಒಂದು ಸಾಲಾದರೂ ಬೇಕಿತ್ತು. ನನ್ನ ಉತ್ತರಗಳನ್ನೇ ತುಂಬಿದೆ. ಮೊದಲ ಪ್ರಶ್ನೆಗೆ 'ಇಲ್ಲ' ಎಂದು ಸೊನ್ನೆ ಹಾಕಿದೆ. ಸೂತ್ರ ಸರಿಯಾಗಿ ಕೆಲಸ ಮಾಡಿತು.

ಈ ಸಲ ನಿಯಮವನ್ನೂ ಮುರಿಯಲಿಲ್ಲ. ಬಾಜೂಕ ಯಾರೂ ಇರಲಿಲ್ಲ.