ಅಡುಗೆಮನೆಯ ಸಂದರ್ಶಕಿ

ಪ್ರೋಗ್ರಾಮರ್ ಮಗಳ ಇಂಟರ್‌ವ್ಯೂ ತಯಾರಿಗೆ ಅಮ್ಮನೇ ಸಂದರ್ಶಕಿ. ಕಂಪ್ಯೂಟರಿನ ಗಂಧಗಾಳಿ ಇಲ್ಲ, ಗತ್ತಿಗೆ ಮಾತ್ರ ಬರವಿಲ್ಲ. ಅಡುಗೆಮನೆಯ ಮೇಜಿನಾಚೆ ಶಾಲು ಹೊದ್ದು ಕೂತ ಅಮ್ಮ ‘ಒಳಗೆ ಬನ್ನಿ’ ಎನ್ನುವ ತನಕ ಮಗಳು ಬಾಗಿಲಲ್ಲೇ ನಿಲ್ಲಬೇಕು. ಡೇಟಾಬೇಸ್ ಯಾಕೆ ನಿಧಾನವಾಗುತ್ತದೆಂದು ಮಗಳು ವಿವರಿಸಿದರೆ, ‘ತಲೆಗೆ ಹೋಗ್ಲಿಲ್ಲ, ಇನ್ನೊಂದ್ಸಲ’ ಎಂದು ತನಗೆ ತಿಳಿಯುವವರೆಗೂ ಬಿಡುವವಳಲ್ಲ. ತಡವರಿಸಿದರೆ ‘ಮುಂದಿನವರನ್ನ ಕಳಿಸ್ರೀ!’ ಎಂದು ಖಾಲಿ ಹಜಾರಕ್ಕೆ ಕೂಗುತ್ತಾಳೆ. ಮಗಳ ನಗು ನಿಲ್ಲುವುದು ಒಂದೇ ಪ್ರಶ್ನೆಗೆ: ‘ನಡುವೆ ಐದು ವರ್ಷ ಏನ್ ಮಾಡ್ತಿದ್ರಿ?’ ‘ವೈಯಕ್ತಿಕ ಕಾರಣ’ ಎಂದು ಗೊಣಗುತ್ತಾಳೆ. ಹಾಗೆ ಗೊಣಗಿದ್ದಕ್ಕೇ ಹಿಂದೆ ಎರಡು ಕೆಲಸ ಕೈತಪ್ಪಿದ್ದವು. ಹೆತ್ತವಳ ಆರೈಕೆಯನ್ನು ‘ಖಾಲಿ ವರ್ಷ’ ಎಂದು ಗುರುತು ಹಾಕುವ ಕಂಪನಿಗಳಿಗೆ ನಾಚಿಕೆಯಾಗಬೇಕು. ಒಂದು ದಿನ ಸಂದರ್ಶಕಿ ಬಹುವಚನ ಬಿಟ್ಟಳು: ‘ಲಕ್ವ ಹೊಡೆದ ಅಮ್ಮನಿಗೆ ನಡೆಯೋದು ಕಲಿಸ್ತಿದ್ದೆ ಅಂತ ತಲೆಯೆತ್ತಿ ಹೇಳೇ. ನನ್ನನ್ನ ಬಚ್ಚಿಡಬೇಡ.’ ಮುಂದಿನ ಇಂಟರ್‌ವ್ಯೂನಲ್ಲಿ ಮಗಳು ಹಾಗೆಯೇ ಹೇಳಿದಳು. ಡೇಟಾಬೇಸನ್ನೂ ಅಮ್ಮನಿಗೆ ತಿಳಿಯುವಂತೆಯೇ ವಿವರಿಸಿದಳು. ಕೆಲಸ ಸಿಕ್ಕಿತೆಂದು ಫೋನು ಬಂದಾಗ ಅಮ್ಮ ಅಳಲಿಲ್ಲ. ‘ಬೇಗ ಹೊರಡ್ಬೇಕಲ್ಲ ನೀನು, ಬೆಳಗಿನ ಚಹಾ ಇನ್ಮೇಲೆ ನಂದು’ ಎಂದು ಮೆಲ್ಲಗೆ ಎದ್ದು, ಲಕ್ವ ಹೊಡೆದಿದ್ದ ಬಲಗೈಯಿಂದಲೇ ಎರಡು ಲೋಟ ತೊಳೆದಿಟ್ಟಳು.